ಇಬ್ಬರ ಹಣ, ಒಬ್ಬರ ವಾಸ: ಪಾಲಿನ ಮನೆ ಖರೀದಿಸುವುದು ಹೇಗೆ?

ಹುಬ್ಬಳ್ಳಿಯ ನವನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಮನೆ ಕೊಳ್ಳಬೇಕೆನ್ನುವ ಸಂಬಳದಾರರಿಗೆ ಬ್ಯಾಂಕ್ ಸಾಲ ಸಿಕ್ಕರೂ ಕೈಯಿಂದ ಹಾಕಬೇಕಾದ ಹಣ ಹೊಂದುವುದಿಲ್ಲ. ಆ ಕೊರತೆಯನ್ನು ಕಾಕಾ ಅಥವಾ ಗೆಳೆಯರು ತುಂಬಿಕೊಟ್ಟು, ಬಡ್ಡಿಯ ಬದಲು ಮನೆಯಲ್ಲಿಯೇ ಪಾಲು ಪಡೆಯುವ ದಾರಿಯೊಂದಿದೆ. ಇಂಗ್ಲೆಂಡಿನಲ್ಲಿ 2013ರಿಂದ 2023ರವರೆಗೆ ಸರ್ಕಾರವೇ ಹೊಸ ಮನೆಯ ಬೆಲೆಯಲ್ಲಿ ಒಂದಂಶ ಕೊಟ್ಟು, ಮನೆಯ ಬೆಲೆ ಏರಿದಂತೆ ಅಷ್ಟೇ ಶೇಕಡಾವಾರು ಮರಳಿ ಪಡೆಯುವ ಯೋಜನೆ ನಡೆಸಿತ್ತು. ನಮ್ಮಲ್ಲಿ ಅಂಥ ಸಿದ್ಧ ಚೌಕಟ್ಟು ಇಲ್ಲದ ಕಾರಣ ಕರಾರನ್ನು ನಾವೇ ಬರೆದುಕೊಳ್ಳಬೇಕಾಗುತ್ತದೆ.

ಒಂದು ಲೆಕ್ಕ ಹಿಡಿಯೋಣ. ಮನೆಯ ಬೆಲೆ 60 ಲಕ್ಷ ರೂಪಾಯಿ; ಅದರಲ್ಲಿ ವಾಸ ಮಾಡುವ ಮಗ 40 ಲಕ್ಷ, ಅವನ ಕಾಕಾ 20 ಲಕ್ಷ ಹಾಕುತ್ತಾರೆ.

ಮೊದಲ ಹೆಜ್ಜೆ ಕಾಗದಪತ್ರಗಳ ಪರಿಶೀಲನೆ. ಸಿಟಿ ಸರ್ವೆ ಉತಾರ, ಮಹಾನಗರ ಪಾಲಿಕೆಯ ಇ-ಖಾತೆ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪತ್ರ ಇವು ಯಾವ ಖರೀದಿಗೂ ಬೇಕಾದವೇ. ಇವನ್ನು ವಕೀಲರಿಗೆ ತೋರಿಸಿದರೆ ಸಾಕು.

ಎರಡನೆಯದು ಹೆಸರಿನ ವಿಷಯ. ಹೆಚ್ಚಿನ ಮನೆಗಳು ಕೆಡುವುದು ಇಲ್ಲಿಯೇ ಆದ್ದರಿಂದ ಇದನ್ನು ವಿವರವಾಗಿ ಹೇಳಬೇಕು. "ನಾವು ನಾವು ಮನಿಯವರ ಅದೀವಿ, ಪತ್ರದಾಗ ನನ್ನ ಹೆಸರು ಯಾಕ?" ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪಾಲಿನ ಆಸೆಯಿಂದ ಹಣ ಕೊಟ್ಟವರ ಹೆಸರು ಖರೀದಿ ಪತ್ರದಲ್ಲಿ ಇಲ್ಲದಿದ್ದರೆ ಆ ವ್ಯವಹಾರ 1988ರ ಬೇನಾಮಿ ಕಾಯ್ದೆಯ ವ್ಯಾಪ್ತಿಗೆ ಬೀಳುವ ಅಪಾಯವಿದೆ. ಹಾಗೆ ಬಿದ್ದರೆ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು, ಮುಂದೆ ಜಗಳವಾದಾಗ "ಹಣ ನನ್ನದು, ಮನೆಯಲ್ಲಿ ಪಾಲು ಕೊಡಿಸಿ" ಎಂದು ಕಾಕಾ ದಾವೆ ಹೂಡುವುದಕ್ಕೂ ಅದೇ ಕಾಯ್ದೆ ಅಡ್ಡ ಬರುತ್ತದೆ. ಆದ್ದರಿಂದ ಖರೀದಿ ಪತ್ರದಲ್ಲಿ ಇಬ್ಬರ ಹೆಸರೂ, "ಮೂರರಲ್ಲಿ ಎರಡು ಪಾಲು, ಮೂರರಲ್ಲಿ ಒಂದು ಪಾಲು" ಎಂಬ ಸ್ಪಷ್ಟ ಬರಹವೂ ಇರಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನಂತೆ, ಯಾರು ಎಷ್ಟು ಹಾಕಿದರು ಎಂಬುದಕ್ಕೆ ಪುರಾವೆ ಸಿಗದಿದ್ದರೆ ಪಾಲು ಸಮಸಮ ಎಂದೇ ಭಾವಿಸಲಾಗುತ್ತದೆ. ಈ ಪುರಾವೆಗಾಗಿಯೇ ಇಬ್ಬರೂ ಹಣವನ್ನು ತಮ್ಮ ತಮ್ಮ ಬ್ಯಾಂಕ್ ಖಾತೆಯಿಂದ ಮಾರುವವರಿಗೆ ನೇರವಾಗಿ ಕಳಿಸಬೇಕು. ಸಾಲವಿದ್ದರೆ, ಸಹಮಾಲೀಕರೆಲ್ಲರೂ ಸಹಸಾಲಗಾರರಾಗಬೇಕೆಂದು ಬ್ಯಾಂಕುಗಳು ಸಾಮಾನ್ಯವಾಗಿ ಕೇಳುತ್ತವೆ. ಕಂತು ತಪ್ಪಿದರೆ ಹೊಣೆ ತಮ್ಮ ಮೇಲೂ ಬರುತ್ತದೆ ಎಂಬುದನ್ನು ಕಾಕಾ ಮೊದಲೇ ತಿಳಿದಿರಬೇಕು.

ಮೂರನೆಯದಾಗಿ ಸಹಮಾಲೀಕತ್ವದ ಕರಾರನ್ನು ಪ್ರತ್ಯೇಕವಾಗಿ ಬರೆಸಬೇಕು. ಕಾಕಾನ ಪಾಲಿಗೆ ಬಾಡಿಗೆ ಉಂಟೋ ಇಲ್ಲವೋ ಎಂಬುದು ಅದರಲ್ಲಿ ಮೊದಲು ಬರಲಿ. ಅಂಥ ಮನೆಗೆ ಓಣಿಯಲ್ಲಿ ತಿಂಗಳಿಗೆ 15,000 ರೂಪಾಯಿ ಬಾಡಿಗೆ ನಡೆಯುತ್ತಿದ್ದರೆ ಅವರ ಪಾಲಿನದು 5,000 ರೂಪಾಯಿ. ಬಾಡಿಗೆ ಬೇಡವೆಂದರೆ ಅದನ್ನೂ ಬರೆಯಬೇಕು. ಮನೆ ತೆರಿಗೆ, ಸುಣ್ಣಬಣ್ಣ, ಸಣ್ಣ ರಿಪೇರಿಗಳನ್ನು ವಾಸಿಸುವವರೇ ನೋಡಿಕೊಳ್ಳುವುದು ನ್ಯಾಯ. ಆದರೆ ಮಗ ತನ್ನ ಖರ್ಚಿನಲ್ಲಿ ಮೇಲೊಂದು ಕೋಣೆ ಕಟ್ಟಿಸಿದರೆ, ಅದರಿಂದ ಹೆಚ್ಚಿದ ಬೆಲೆಯನ್ನು ಮೊದಲು ಕಳೆದು, ಉಳಿದದ್ದನ್ನು ಮಾತ್ರ ಪಾಲಿನಂತೆ ಹಂಚಬೇಕೆಂದು ಬರೆಯದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

ಕರಾರಿನ ಜೀವಾಳ ಮಾತ್ರ ಬಿಡುಗಡೆಯ ಷರತ್ತು, ಅಂದರೆ ಕಾಕಾ ತಮ್ಮ ಪಾಲಿನ ಹಣ ಪಡೆದು ಹೊರಬರುವುದು ಹೇಗೆ ಎಂಬುದು. ಮನೆಯನ್ನು ಹೊಲದಂತೆ ಹಿಸ್ಸೆ ಮಾಡಲಾಗದು. 1893ರ ವಿಭಜನಾ ಕಾಯ್ದೆಯಂತೆ, ವಿಭಜನೆಯ ಬದಲು ಆಸ್ತಿಯನ್ನೇ ಮಾರಿಸಿ ಎಂದು ಕೋರ್ಟನ್ನು ಕೇಳಲು ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಪಾಲು ಇರಬೇಕು. ಮೂರರಲ್ಲಿ ಒಂದು ಪಾಲಿನ ಕಾಕಾ ತಾವೊಬ್ಬರೇ ಹಾಗೆ ಕೇಳಲಾರರು. ಅವರ ಹಣ ವರ್ಷಗಟ್ಟಲೆ ಗೋಡೆಯೊಳಗೇ ಉಳಿದೀತು. ಆದ್ದರಿಂದ ಎಂಟು ಅಥವಾ ಹತ್ತು ವರ್ಷದ ಅವಧಿ ಗೊತ್ತುಮಾಡಿ, ಅದು ಮುಗಿದಾಗ ಪಾಲನ್ನು ಕೊಳ್ಳುವ ಮೊದಲ ಹಕ್ಕು ವಾಸಿಸುವವರಿಗೆ, ಅವರು ಆರು ತಿಂಗಳಲ್ಲಿ ಕೊಳ್ಳದಿದ್ದರೆ ಇಡೀ ಮನೆಯ ಮಾರಾಟ ಎಂದು ಬರೆಸುವುದು ಒಳ್ಳೆಯದು. ಆಗಿನ ಬೆಲೆಯನ್ನು ಇಬ್ಬರೂ ಒಪ್ಪಿದ ನೋಂದಾಯಿತ ಮೌಲ್ಯಮಾಪಕರು ಹೇಳಲಿ. ಸರ್ಕಾರದ ಮಾರ್ಗಸೂಚಿ ದರವನ್ನು ಹಿಡಿಯಬಾರದು, ಏಕೆಂದರೆ ಅದು ಪೇಟೆಯ ಬೆಲೆಗಿಂತ ಬಹಳ ಬೇರೆಯಾಗಿರಬಹುದು. ಮನೆ 90 ಲಕ್ಷಕ್ಕೆ ಏರಿದ್ದರೆ ಕಾಕಾನಿಗೆ 30 ಲಕ್ಷ, 54 ಲಕ್ಷಕ್ಕೆ ಇಳಿದಿದ್ದರೆ 18 ಲಕ್ಷ ಸಲ್ಲುತ್ತದೆ. ಇಳಿಕೆಯಲ್ಲೂ ಪಾಲುದಾರರಾಗಲು ಒಪ್ಪದವರು ಸಾಲವನ್ನೇ ಕೊಡಲಿ, ಅದಕ್ಕೆ ಸಾಲದ ಪತ್ರ ಬರೆಸಲಿ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಅವರ ವಾರಸುದಾರರೂ ಇದೇ ಷರತ್ತುಗಳಿಗೆ ಬದ್ಧರು ಎಂಬ ಸಾಲನ್ನು ಮರೆಯಬಾರದು.

ಕೊನೆಯದು ನೋಂದಣಿ. ಸ್ಥಿರಾಸ್ತಿಯ ಹಕ್ಕನ್ನು ಸೃಷ್ಟಿಸುವ ಅಥವಾ ಕಡಿಮೆ ಮಾಡುವ ಕರಾರು ನೋಂದಣಿಯಾಗದೆ ಕೋರ್ಟಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಖರೀದಿ ಪತ್ರದ ಜೊತೆಗೆ ಅದನ್ನೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಮುಂದೆ ಮಗ ಕಾಕಾನ ಪಾಲನ್ನು ಕೊಳ್ಳುವಾಗ ಮತ್ತೊಂದು ಪತ್ರ, ಅದಕ್ಕೆ ಮತ್ತೆ ಮುದ್ರಾಂಕ ಶುಲ್ಕ ಬೀಳುತ್ತದೆ. ಆ ಖರ್ಚು ಯಾರದೆಂದು ಈಗಲೇ ಬರೆದಿಡಬೇಕು. ನೋಂದಣಿ ಮುಗಿದ ಮೇಲೆ ಪಾಲಿಕೆಯ ಖಾತೆಯಲ್ಲೂ ಸಿಟಿ ಸರ್ವೆ ಉತಾರದಲ್ಲೂ ಇಬ್ಬರ ಹೆಸರು ದಾಖಲಾಗಿದೆಯೇ ನೋಡಿ, ಮೂಲ ಪತ್ರ ಬ್ಯಾಂಕಿಗೆ ಹೋಗುವ ಮುನ್ನ ಕಾಕಾ ದೃಢೀಕೃತ ನಕಲೊಂದನ್ನು ತೆಗೆಸಿಟ್ಟುಕೊಳ್ಳಬೇಕು.