ಚೂರು ಬಟ್ಟೆಯ ಜೊಗಾಕ್‌ಬೊ: ಒಳಗೂ ಹೊರಗೂ ಒಂದೇ ಥರ ಕಾಣಬೇಕು

ಕೊರಿಯಾದಲ್ಲಿ ಸಾಮಾನು ಸುತ್ತುವ, ಗಂಟು ಕಟ್ಟುವ, ಊಟ ಮುಚ್ಚುವ ಚೌಕದ ಬಟ್ಟೆಗೆ ಬೊಜಾಗಿ ಅಂತಾರೆ. ಅದನ್ನೇ ಚೂರುಗಳಿಂದ ಹೊಲಿದರೆ ಜೊಗಾಕ್‌ಬೊ. ಜೊಗಾಕ್ ಅಂದರೆ ಚೂರು. ಜೋಸನ್ ರಾಜವಂಶದ ಕಾಲದಲ್ಲಿ (1392–1910) ಇದನ್ನು ಹೊಲಿದವರು ಸಾಮಾನ್ಯರ ಮನೆಯ ಹೆಂಗಸರು. ಅಲ್ಲಿನ ಸಾಂಪ್ರದಾಯಿಕ ಉಡುಪು ಹನ್‌ಬೊಕ್ ಹೊಲಿಯುವಾಗ ತೋಳು, ಕತ್ತಿನ ಪಟ್ಟಿ ಎಲ್ಲ ಬಾಗಿಸಿ ಕತ್ತರಿಸುತ್ತಾರೆ, ಆಗ ಯಾವುದಕ್ಕೂ ಬಾರದ ಮೂಲೆ ತುಂಡುಗಳು ಉಳಿಯುತ್ತವೆ ಅಲ್ವಾ, ಅವೇ ಇಲ್ಲಿ ಬಂಡವಾಳ. ಗಂಟಿನೊಳಗೆ ಭಾಗ್ಯವನ್ನೂ ಕಟ್ಟಿಟ್ಟಂತೆ, ಒಂದೊಂದು ಹೊಲಿಗೆಯೂ ಆಯಸ್ಸಿಗೆ ಹರಕೆ ಅಂತ ಅವರ ನಂಬಿಕೆ.

ಬೇಸಿಗೆಯ ಜೊಗಾಕ್‌ಬೊಗೆ ಮೋಸಿ ಅನ್ನುವ ನಾರಿನ ತೆಳು ಬಟ್ಟೆ ಬಳಸುತ್ತಾರೆ. ಹನ್ಸಾನ್ ಊರಿನ ಮೋಸಿ ನೇಯ್ಗೆ 2011ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ನಿಮಗೆ ಆರ್ಗಂಡಿ (ತೆಳುವಾದ, ಗಡುಸಾದ ಹತ್ತಿ ಬಟ್ಟೆ) ಸಾಕು, ಇಲ್ಲವೇ ಗಂಜಿ ಹಾಕಿದ ಹಳೆಯ ಕಾಟನ್ ಸೀರೆ. ಜಾರುವ ಬಟ್ಟೆ ಮೊದಲ ಸಲಕ್ಕೆ ಬೇಡ. ಹೊಸ ಬಟ್ಟೆ ತಂದು ಚೂರು ಮಾಡಬೇಡಿ, ದಯವಿಟ್ಟು.

ಈಗ ಹೊಲಿಗೆ. ಕೌದಿ ಹೊಲಿದವರು ಗಮನಿಸಿ: ಇಲ್ಲಿ ಒಳಪದರ ಇಲ್ಲ, ಅಸ್ತರಿಲ್ಲ, ಆದರೂ ದಾರ ಬಿಟ್ಟ ಅಂಚು ಯಾವ ಕಡೆಯೂ ಕಾಣಬಾರದು. ಒಂದು ಚೂರಿನ ಅಂಚನ್ನು ಅರ್ಧ ಸೆಂ.ಮೀ., ಇನ್ನೊಂದರದ್ದನ್ನು 1 ಸೆಂ.ಮೀ. ಹಿಂದಕ್ಕೆ ಮಡಚಿ, ಉಗುರಿನಿಂದ ಗೀರಿ ಇಸ್ತ್ರಿ ಮಾಡಿ. ಒಳ್ಳೆಯ ಮುಖ ಒಳಗೆ ಬರುವಂತೆ ಎರಡನ್ನೂ ಎದುರುಬದುರು ಹಿಡಿದು, ಮಡಿಕೆಯ ತುದಿಯಲ್ಲಿ ಒಂದೆರಡು ಎಳೆ ಮಾತ್ರ ಸಿಗುವ ಹಾಗೆ 2–3 ಮಿ.ಮೀ.ಗೆ ಒಂದರಂತೆ ಓರೆ ಹೊಲಿಗೆ ಹಾಕುತ್ತಾ ಹೋಗಿ. ಆಮೇಲೆ ಬಿಡಿಸಿ ಹರಡಿ. ಅಗಲದ ಅಂಚಿನಿಂದ ಸಣ್ಣ ಅಂಚನ್ನು ಸುತ್ತಿ ಮುಚ್ಚಿ, ಪಕ್ಕಕ್ಕೆ ಮಲಗಿಸಿ, ಮತ್ತೆ ಅದೇ ಓರೆ ಹೊಲಿಗೆ. ಇದಕ್ಕೆ ಸಮ್‌ಸೊಲ್ ಅಂತ ಹೆಸರು. ಹೊಲಿಗೆ ಇರುವ ಕಡೆ ನಾಲ್ಕು ಪದರ, ಉಳಿದ ಕಡೆ ಒಂದೇ. ಅದಕ್ಕೇ ಕಿಟಕಿಗೆ ಹಿಡಿದರೆ ಬಟ್ಟೆಯೆಲ್ಲ ಬೆಳಕಾಗಿ, ಹೊಲಿಗೆ ಮಾತ್ರ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ದಾರ ಬೇಕಂತಲೇ ಬೇರೆ ಬಣ್ಣದ್ದು ತಗೊಳ್ಳಿ.

ಜೋಡಣೆಗೆ ನಕ್ಷೆ ಬರೆದುಕೊಳ್ಳುವುದು ಸುಮ್ನೆ ಕೆಲಸ. ಎರಡು ಚೂರು ಸೇರಿಸಿ, ಅದರ ಉದ್ದಕ್ಕೆ ಮೂರನೆಯದು, ಹೀಗೆ ಪಟ್ಟಿ ಬೆಳೆಸಿ, ಪಟ್ಟಿಗೆ ಪಟ್ಟಿ ಹೊಲಿಯಿರಿ. ಒಂದೇ ನಿಯಮ: ಪ್ರತಿ ಹೊಲಿಗೆಯೂ ಈ ತುದಿಯಿಂದ ಆ ತುದಿಗೆ ನೇರ ಹೋಗಬೇಕು. ನಾನು ಮೊದಲ ಸಲ ಒಳಮೂಲೆಗೆ ಚೂರು ಕೂರಿಸಲು ಹೋಗಿ, ಸುಕ್ಕು ಬಂದು, ಒಂದು ಸಂಜೆಯ ಹೊಲಿಗೆ ಪೂರ್ತಿ ಬಿಚ್ಚಿದೆ.

ಡಬ್ಬಿ ಸುತ್ತಬೇಕಾದರೆ ಅದರ ಅಗಲದ ಮೂರು ಪಟ್ಟು ಚೌಕ ಇರಲಿ. ಊಟದ ಮೇಲೆ ಮುಚ್ಚುವುದಾದರೆ ನಟ್ಟನಡುವೆ ಒಂದು ಪುಟ್ಟ ಬಟ್ಟೆಯ ಕುಣಿಕೆ ಹೊಲಿಯಿರಿ, ಎತ್ತುವಾಗ ಅಂಚು ಸಾರಿನೊಳಗೆ ಬೀಳುವುದಿಲ್ಲ.