ಕೆಟ್ಟ ವಸ್ತುವಿನಿಂದ ಗಾಯವಾಯಿತೇ? ಸರಿಯಾದ ವಕೀಲರನ್ನು ಹುಡುಕುವುದು ಹೀಗೆ

ಕುಕ್ಕರ್ ಸಿಡಿದು ಕೈ ಸುಟ್ಟಿತು. ಚಾರ್ಜಿಗೆ ಹಾಕಿದ್ದ ಫೋನಿನ ಬ್ಯಾಟರಿ ಉಬ್ಬಿ ಬೆಂಕಿ ಹತ್ತಿತು. ಹೊಸ ಏಣಿಯ ಮೆಟ್ಟಿಲು ಮುರಿದು ಸೊಂಟಕ್ಕೆ ಪೆಟ್ಟಾಯಿತು. ಇಂಥ ಹೊತ್ತಲ್ಲಿ ಎಷ್ಟೋ ಜನ ಒಂದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಆ ವಸ್ತುವನ್ನು ಗುಜರಿಗೆ ಹಾಕುತ್ತಾರೆ, ಇಲ್ಲವೇ ಹೊಸದು ಕೊಡುತ್ತೇವೆ ಅಂತ ಕಂಪನಿಯವರು ಹೇಳಿದ ಕೂಡಲೇ ವಾಪಸ್ ಕೊಟ್ಟುಬಿಡುತ್ತಾರೆ. ವಕೀಲರನ್ನು ಹುಡುಕುವುದು ಆಮೇಲೆ. ಅಷ್ಟರಲ್ಲಿ ಮುಖ್ಯ ಸಾಕ್ಷಿಯೇ ಕೈತಪ್ಪಿ ಹೋಗಿರುತ್ತದೆ.

1. ವಸ್ತುವನ್ನು ಹಾಗೇ ಎತ್ತಿಡಿ

ಮೊದಲು ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿರುವ ಇನ್ನೊಬ್ಬರಿಗೆ ಹೇಳಿ ವಸ್ತುವನ್ನು ಎತ್ತಿಡಿಸಿ. ತೊಳೆಯಬೇಡಿ, ಬಿಚ್ಚಬೇಡಿ, ರಿಪೇರಿಗೆ ಕೊಡಬೇಡಿ. ಕುಕ್ಕರ್ ಆದರೆ ಮುಚ್ಚಳ, ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ನೆಲದ ಮೇಲೆ ಬಿದ್ದ ಚೂರು, ಎಲ್ಲವೂ ಒಂದೇ ಡಬ್ಬದಲ್ಲಿರಲಿ. ತಳದಲ್ಲಿರುವ ಸೀರಿಯಲ್ ನಂಬರ್, ಬ್ಯಾಚ್ ನಂಬರಿನ ಫೋಟೊ ತೆಗೆಯಿರಿ. ಬಿಲ್ಲು, ಬಳಕೆಯ ಕೈಪಿಡಿ, ವಸ್ತು ಬಂದ ಪೆಟ್ಟಿಗೆ, ಆಸ್ಪತ್ರೆಯ ಚೀಟಿಗಳು ಜೊತೆಗಿರಲಿ.

ಮೆಕ್ಯಾನಿಕ್ ಒಬ್ಬರು ಬಂದು ಸುಮ್ನೆ ಒಂದು ಸ್ಕ್ರೂ ತಿರುಗಿಸಿದರೂ ‘ನೀವೇ ಬಿಚ್ಚಿ ಹಾಳು ಮಾಡಿದ್ದೀರಿ’ ಅನ್ನಲು ಎದುರು ಪಕ್ಷಕ್ಕೆ ದಾರಿ ಸಿಗುತ್ತದೆ. ಭಾರತದ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲೇ ಇದಕ್ಕೆ ಜಾಗವಿದೆ. ಗಾಯವಾಗುವ ಹೊತ್ತಿಗೆ ವಸ್ತುವನ್ನು ತಪ್ಪಾಗಿ ಬಳಸಿದ್ದರೆ ಅಥವಾ ಮಾರ್ಪಾಟು ಮಾಡಿದ್ದರೆ ಮಾರಿದವರು ಹೊಣೆಯಿಂದ ತಪ್ಪಿಸಿಕೊಳ್ಳಬಹುದು. ಹಾಗಾಗಿ ಅದು ಮುಂಚೆ ಹೇಗಿತ್ತು ಎಂಬ ಅನುಮಾನಕ್ಕೇ ಎಡೆ ಕೊಡಬೇಡಿ.

2. ವಾಯಿದೆ ನೋಡಿ

ಭಾರತದ ಗ್ರಾಹಕರ ಆಯೋಗದಲ್ಲಿ ದೂರು ಕೊಡಲು 2 ವರ್ಷ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 3 ವರ್ಷ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ. ಗಾಯ ಪೂರ್ತಿ ವಾಸಿಯಾಗಲಿ ಅಂತ ಕಾಯಬೇಡಿ.

3. ಹೆಸರು ಪಟ್ಟಿ ಮಾಡಿ

ಮೂರ್ನಾಲ್ಕು ಹೆಸರು ಸಾಕು. ಪರಿಚಯದ ವಕೀಲರಿದ್ದರೆ ‘ನೀವು ನಡೆಸಿಕೊಡಿ’ ಅನ್ನಬೇಡಿ, ‘ಇಂಥ ಕೇಸು ಯಾರು ಚೆನ್ನಾಗಿ ನಡೆಸುತ್ತಾರೆ?’ ಅಂತ ಕೇಳಿ. ಆಸ್ತಿ ವ್ಯಾಜ್ಯದಲ್ಲಿ ಪಳಗಿದವರಿಗೆ ಬ್ಯಾಟರಿ ಯಾಕೆ ಸ್ಫೋಟಿಸಿತು ಅಂತ ವಾದಿಸುವ ಅಭ್ಯಾಸ ಇರಬೇಕೆಂದೇನಿಲ್ಲ. ಭಾರತದಲ್ಲಿ ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತಿಲ್ಲ. ಅದಕ್ಕೇ ಆಸ್ಪತ್ರೆಯ ವಾರ್ಡಿಗೇ ಬಂದು ‘ಪರಿಹಾರ ಕೊಡಿಸ್ತೀವಿ’ ಅನ್ನುವ ಏಜೆಂಟರನ್ನು ಅಲ್ಲಿಂದಲೇ ಕಳಿಸಿಬಿಡಿ, ಅವರು ಕೊಡುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

4. ಮೊದಲ ಭೇಟಿ

ಜನ ಎಡವುವುದು ಇಲ್ಲೇ. ತಮ್ಮ ನೋವನ್ನೆಲ್ಲ ಹೇಳಿಕೊಂಡು, ‘ಕೇಸು ಗೆಲ್ತೀವಾ ಸಾರ್?’ ಅಂತ ಒಂದು ಪ್ರಶ್ನೆ ಕೇಳಿ, ‘ಖಂಡಿತ’ ಅನ್ನುವ ಉತ್ತರ ಕೇಳಿ ಸಮಾಧಾನವಾಗಿ ಎದ್ದು ಬರುತ್ತಾರೆ. ಆ ಉತ್ತರದಿಂದ ವಕೀಲರ ಬಗ್ಗೆ ಏನೂ ತಿಳಿಯುವುದಿಲ್ಲ.

ನೀವು ಗಮನಿಸಬೇಕಾದದ್ದು ಅವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನು. ಈ ಕೆಲಸ ಬಲ್ಲ ವಕೀಲರು ಶುರುವಿನಲ್ಲೇ ‘ಆ ವಸ್ತು ಈಗ ಎಲ್ಲಿದೆ?’ ಅಂತ ಕೇಳುತ್ತಾರೆ. ಆಮೇಲೆ ಯಾರು ಕೊಂಡರು, ಎಷ್ಟು ದಿನ ಬಳಸಿದ್ದೀರಿ, ಮುಂಚೆ ರಿಪೇರಿ ಆಗಿತ್ತಾ, ಕೈಪಿಡಿಯಲ್ಲಿ ಎಚ್ಚರಿಕೆ ಬರೆದಿದ್ದರಾ, ಎಲ್ಲ ಕೇಳುತ್ತಾರೆ. ಯಾಕೆಂದರೆ ದೋಷ ಮೂರು ಬಗೆಯದು. ವಿನ್ಯಾಸವೇ ಸರಿಯಿಲ್ಲದಿರಬಹುದು, ಆಗ ಆ ಮಾದರಿಯ ಪ್ರತಿಯೊಂದೂ ಅಪಾಯ. ವಿನ್ಯಾಸ ಸರಿಯಿದ್ದು ನಿಮ್ಮ ಕೈಗೆ ಬಂದದ್ದರ ತಯಾರಿಕೆ ಕೆಟ್ಟಿರಬಹುದು. ಇಲ್ಲವೇ ಹೇಳಬೇಕಾದ ಎಚ್ಚರಿಕೆಯನ್ನು ಹೇಳದೇ ಇರಬಹುದು. ನಿಮ್ಮದು ಯಾವ ಬಗೆ ಅನ್ನುವುದರ ಮೇಲೆ ಸಾಕ್ಷಿ ಬದಲಾಗುತ್ತದೆ. ಇದನ್ನು ಸರಳವಾಗಿ ಬಿಡಿಸಿ ಹೇಳಲಾಗದವರ ಕೈಗೆ ನಾನಂತೂ ಕೇಸು ಕೊಡುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು. ಇಂಥ ಕೇಸು ಮುಂಚೆ ನಡೆಸಿದ್ದೀರಾ, ಅದು ಏನಾಯಿತು? ವಸ್ತುವನ್ನು ಪರೀಕ್ಷಿಸುವ ತಜ್ಞರು ಯಾರು, ಅವರ ಖರ್ಚು ಯಾರ ತಲೆಗೆ? (ಭಾರತದಲ್ಲಿ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದನ್ನು ಕೇಳಿಕೊಳ್ಳುತ್ತೀರಾ ಅಂತಲೂ ವಿಚಾರಿಸಿ.) ಯಾರ ಮೇಲೆ ಕೇಸು, ತಯಾರಿಸಿದವರ ಮೇಲಾ, ಮಾರಿದವರ ಮೇಲಾ, ಇಬ್ಬರ ಮೇಲೂನಾ? ಆ ಕಂಪನಿಯ ಪರವಾಗಿ ಯಾವಾಗಲಾದರೂ ಕೆಲಸ ಮಾಡಿದ್ದೀರಾ? ಇದನ್ನು ಕೇಳಲು ಮುಜುಗರ ಬೇಡ, ಒಳ್ಳೆಯ ವಕೀಲರು ಬೇಜಾರು ಮಾಡಿಕೊಳ್ಳುವುದಿಲ್ಲ. ವಿಚಾರಣೆಯ ದಿನ ನೀವೇ ಬರುತ್ತೀರಾ ಅಥವಾ ಜೂನಿಯರ್ ಬರುತ್ತಾರಾ ಅನ್ನುವುದೂ ಮುಖ್ಯ. ಜೂನಿಯರ್ ಬರುವುದು ತಪ್ಪಲ್ಲ, ಆದರೆ ಮೊದಲೇ ಗೊತ್ತಿರಬೇಕು ಅಲ್ವಾ?

ನಿಮ್ಮ ಕೇಸಿನಲ್ಲಿರುವ ದುರ್ಬಲ ಅಂಶವನ್ನು ಮುಖಕ್ಕೆ ಮುಖ ಕೊಟ್ಟು ಹೇಳುವವರನ್ನೇ ಆರಿಸಿ. ಕನಿಷ್ಠ ಇಬ್ಬರನ್ನು ಭೇಟಿಯಾಗದೆ ತೀರ್ಮಾನಿಸಬೇಡಿ.

5. ಫೀಸು

ಬರವಣಿಗೆಯಲ್ಲೇ ಇರಲಿ. ಅಮೆರಿಕದಲ್ಲಿ ಗೆದ್ದರೆ ಬಂದ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುವ ಪದ್ಧತಿ ಸಾಮಾನ್ಯ. ಅಲ್ಲಿ ಖರ್ಚು ಕಳೆದ ಮೇಲೆ ಪಾಲಾ, ಕಳೆಯುವ ಮೊದಲಾ ಅಂತ ಕೇಳಲೇಬೇಕು, ಮೊತ್ತ ತುಂಬಾ ಬದಲಾಗುತ್ತದೆ. ಭಾರತದಲ್ಲಿ ಹೀಗೆ ಪಾಲಿನ ಮೇಲೆ ಕೇಸು ಹಿಡಿಯುವುದಕ್ಕೆ ವಕೀಲರ ಪರಿಷತ್ತಿನ ನಿಯಮ ಅಡ್ಡ ಬರುತ್ತದೆ. ‘ಈಗ ಏನೂ ಬೇಡ, ಬಂದದ್ದರಲ್ಲಿ ಅರ್ಧ ಕೊಡಿ’ ಅನ್ನುವವರಿಂದ ದೂರವಿರಿ. ಹಣದ ತೊಂದರೆ ಇದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಕೇಳುವ ಹಕ್ಕಿದೆ.

ಗ್ರಾಹಕರ ಆಯೋಗದಲ್ಲಿ ವಕೀಲರಿಲ್ಲದೆ ನೀವೇ ವಾದಿಸಬಹುದು. ಸಣ್ಣ ಗಾಯ, ಸಣ್ಣ ಮೊತ್ತಕ್ಕೆ ಅದು ಒಳ್ಳೆಯ ದಾರಿ. ಶಾಶ್ವತ ಊನ ಅಥವಾ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದರೆ ಆ ಸಾಹಸ ಬೇಡ.

6. ಸಹಿ ಹಾಕುವ ಮುನ್ನ

ವಕಾಲತ್ತನ್ನು (ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದ) ಓದಿ ಸಹಿ ಹಾಕಿ. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. ಮೂಲ ದಾಖಲೆ ಕೊಡುವಾಗ ಜೆರಾಕ್ಸ್ ಇಟ್ಟುಕೊಂಡು, ಏನೇನು ಕೊಟ್ಟಿರಿ ಅಂತ ಪಟ್ಟಿ ಬರೆದು ಸಹಿ ಮಾಡಿಸಿಕೊಳ್ಳಿ. ಗಾಯ ಮಾಡಿದ ವಸ್ತುವನ್ನು ಕೊಡುವಾಗಲೂ ಅಷ್ಟೇ. ಇನ್ನು ಮುಂದೆ ಕಂಪನಿಯವರು ಫೋನ್ ಮಾಡಿದರೆ ‘ನಮ್ಮ ವಕೀಲರ ಹತ್ತಿರ ಮಾತಾಡಿ’ ಅನ್ನಿ.

ವಕೀಲರು ತಿಂಗಳುಗಟ್ಟಲೆ ಫೋನ್ ಎತ್ತದಿದ್ದರೆ, ವಿಚಾರಣೆಯ ದಿನಾಂಕ ಹೇಳದಿದ್ದರೆ ಅವರನ್ನು ಬದಲಿಸಬಹುದು. ಫೀಸು ಬಾಕಿ ಇದೆ ಅಂತ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಭಾರತದ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಲಿಖಿತವಾಗಿ ಕೇಳಿ, ಫೈಲ್ ವಾಪಸ್ ತೆಗೆದುಕೊಂಡು ಮುಂದಿನವರಿಗೆ ಕೊಡಿ.