ಆಟೋ ಕೋವಿ: ಕೊಳ್ಳುವ ಮುನ್ನ, ಕೊಂಡ ಮೇಲೆ

ಟೆಕ್ಸಾಸ್‌ನಂಥ ರಾಜ್ಯದಲ್ಲಿ ಆಟದ ಸಾಮಾನಿನ ದೊಡ್ಡ ಅಂಗಡಿಗೆ ಹೊಕ್ಕರೆ ಟೆನಿಸ್ ರಾಕೆಟ್, ಗಾಳದ ಕೋಲುಗಳ ಆಚೆ ಗೋಡೆಯುದ್ದಕ್ಕೂ ಕೋವಿಗಳು ನಿಂತಿರುತ್ತವೆ. ಕೇಪಿನ ಕೋವಿ, ಜೋಡಿ ನಳಿಗೆಯ ತೋಟೆ ಕೋವಿ ನೋಡಿ ಬೆಳೆದ ಕೊಡಗು, ಮಲೆನಾಡಿನವರ ಕಣ್ಣು ಅಲ್ಲಿ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ ಮೇಲೆ ನೆಡುತ್ತದೆ. ಒಂದು ಈಡು ಹೊಡೆದ ಕೂಡಲೇ ಖಾಲಿ ತೋಟೆಯನ್ನು ತಾನೇ ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುವ ಕೋವಿ ಇದು. ಹಾಗೆಂದು ಒತ್ತಿ ಹಿಡಿದರೆ ಸರಸರನೆ ಸಿಡಿಯುವುದಿಲ್ಲ. ಪ್ರತಿ ಈಡಿಗೂ ಟ್ರಿಗರ್ ಬೇರೆಯಾಗಿಯೇ ಎಳೆಯಬೇಕು. ಟ್ರ್ಯಾಪ್, ಸ್ಕೀಟ್ ಆಟಗಳಲ್ಲಿ ಹಾರುವ ಬಿಲ್ಲೆ ಹೊಡೆಯಲು ಇದನ್ನು ಕೊಳ್ಳಬೇಕೆಂದಿರುವ ಅಮೆರಿಕದ ಕನ್ನಡಿಗರಿಗಾಗಿ ಈ ಬರಹ.

ಮೊದಲು ವೀಸಾ ನೋಡಿಕೊಳ್ಳಿ

ಬಹುತೇಕರು ಎಡವುವುದು ಇಲ್ಲೇ. ಎಚ್‌1ಬಿ, ಎಚ್‌4, ಎಫ್‌1, ಪ್ರವಾಸಿ ವೀಸಾ ಯಾವುದೇ ಇರಲಿ, ವಲಸೆಯೇತರ ವೀಸಾದ ಮೇಲೆ ಇರುವವರು ಕೋವಿ ಅಥವಾ ತೋಟೆ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದರಲ್ಲಿ ಕೆಲವೇ ವಿನಾಯಿತಿಗಳಿವೆ. ಸಾಮಾನ್ಯರಿಗೆ ಒದಗುವುದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿರಬೇಕು. ‘ನಾನು ಕೊಳ್ಳುವುದಿಲ್ಲ, ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತಗೊಂಡು ನಾಲ್ಕು ಈಡು ಹೊಡೀತೀನಿ’ ಅಂದರೂ ಅದೇ ಕಾನೂನು. ಕೈಯಲ್ಲಿ ಹಿಡಿದದ್ದೂ ‘ಇಟ್ಟುಕೊಂಡಂತೆ’ ಎಂಬುದೇ ಲೆಕ್ಕ. ಆಫೀಸಿನ ಗೆಳೆಯರು ವಾರಾಂತ್ಯಕ್ಕೆ ಕರೆದರೆಂದು ಹೋಗಿ, ಯಾರೂ ಕೇಳಲಿಲ್ಲವೆಂದು ಹೊಡೆದು ಬರುವವರಿದ್ದಾರೆ. ಯಾರೂ ಕೇಳದಿದ್ದರೆ ಅದು ಅನುಮತಿ ಸಿಕ್ಕಂತಲ್ಲ. ಗ್ರೀನ್ ಕಾರ್ಡ್ ಕಾಯುತ್ತಿರುವವರಿಗೆ ಕೋವಿಯ ಕೇಸು ಒಂದೇ ಸಾಕು, ವರ್ಷಗಳ ಕಾಯುವಿಕೆ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಸಂಶಯವಿದ್ದರೆ ವಲಸೆ ವಕೀಲರನ್ನು ಕೇಳಿ, ಕೋವಿ ಅಂಗಡಿಯವರನ್ನಲ್ಲ.

ಗ್ರೀನ್ ಕಾರ್ಡ್ ಇದ್ದವರಿಗೆ, ಪೌರರಿಗೆ ಈ ತೊಡಕಿಲ್ಲ. ಲೈಸೆನ್ಸ್ ಇರುವ ಅಂಗಡಿಯಿಂದ ಉದ್ದ ನಳಿಗೆಯ ಕೋವಿ ಕೊಳ್ಳಲು ಕೇಂದ್ರ ಕಾನೂನಿನಂತೆ 18 ವರ್ಷ ತುಂಬಿರಬೇಕು. ರಾಜ್ಯಗಳ ಕಾನೂನು ಇನ್ನೂ ಬಿಗಿಯಾಗಿರಬಹುದು. ಕ್ಯಾಲಿಫೋರ್ನಿಯಾದಲ್ಲಿ 10 ದಿನ ಕಾಯಬೇಕು, ಸುರಕ್ಷತೆಯ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕು. ಇಲಿನಾಯ್, ನ್ಯೂಜೆರ್ಸಿಗಳಲ್ಲಿ ಮೊದಲೇ ಗುರುತಿನ ಕಾರ್ಡ್ ಮಾಡಿಸಬೇಕು. ಪಿಸ್ತೂಲಿನಂಥ ಹಿಡಿ, ಮಡಚುವ ಸ್ಟಾಕ್ (ಹೆಗಲಿಗೆ ಒತ್ತಿಕೊಳ್ಳುವ ಹಿಂಭಾಗ), ಹೆಚ್ಚು ತೋಟೆ ಹಿಡಿಸುವ ಮ್ಯಾಗಝೀನ್ ಇರುವ ಸೆಮಿ ಆಟೋ ಕೋವಿಗಳನ್ನು ಕೆಲವು ರಾಜ್ಯಗಳು ನಿಷೇಧಿಸಿವೆ. ಬಿಲ್ಲೆ ಹೊಡೆಯಲು ಅಂಥದ್ದು ಬೇಕೂ ಇಲ್ಲ.

ಗ್ಯಾಸೋ, ಇನರ್ಷಿಯಾವೋ

ಜಾನ್ ಬ್ರೌನಿಂಗ್ ರೂಪಿಸಿದ ಆಟೋ–5 ಎಂಬ ಕೋವಿಯನ್ನು ಬೆಲ್ಜಿಯಂನ ಎಫ್‌ಎನ್ ಕಂಪನಿ 1902ರಲ್ಲಿ ತಯಾರಿಸತೊಡಗಿತು. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಸೆಮಿ ಆಟೋ ಶಾಟ್‌ಗನ್ ಅದೇ. ಅದರಲ್ಲಿ ನಳಿಗೆಯೇ ಹಿಂದಕ್ಕೆ ಸರಿದು ಬರುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವವು ಎರಡು ಬಗೆ. ಗ್ಯಾಸ್ ಕೋವಿಯಲ್ಲಿ ನಳಿಗೆಯ ಸಣ್ಣ ತೂತುಗಳಿಂದ ಬರುವ ಬಿಸಿ ಅನಿಲ ಪಿಸ್ಟನ್ ತಳ್ಳಿ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ಒಯ್ಯುತ್ತದೆ. ಬೆರೆಟಾ ಎ300, ಎ400, ಮಾಸ್‌ಬರ್ಗ್ 940, 1963ರಿಂದ ಬಂದ ಹಳೆಯ ರೆಮಿಂಗ್ಟನ್ 1100 ಎಲ್ಲ ಈ ಜಾತಿಯವು. ಬೆನೆಲ್ಲಿಯ ಬಹುತೇಕ ಮಾದರಿಗಳು, ಫ್ರಾಂಕಿ ಅಫಿನಿಟಿಯಂಥವು ಇನರ್ಷಿಯಾ, ಅಂದರೆ ಜಡತ್ವದಿಂದ ನಡೆಯುವ ಕೋವಿಗಳು. ಇವುಗಳಲ್ಲಿ ಗ್ಯಾಸಿನ ಗೊಡವೆಯಿಲ್ಲ. ಈಡು ಹಾರಿದಾಗ ಇಡೀ ಕೋವಿ ಹಿಂದಕ್ಕೆ ಜಿಗಿಯುತ್ತದೆ. ಬೋಲ್ಟಿನೊಳಗಿನ ಗಟ್ಟಿ ಸ್ಪ್ರಿಂಗ್ ಆ ಜಿಗಿತದಲ್ಲಿ ಅದುಮಿಕೊಂಡು, ಮರುಕ್ಷಣ ಬಿಚ್ಚಿಕೊಂಡು ಕೆಲಸ ಮಾಡುತ್ತದೆ.

ಗ್ಯಾಸ್ ಕೋವಿ ಹೆಗಲಿಗೆ ಮೃದು, ಆದರೆ ಒಳಗೆ ಮಸಿ ಕಟ್ಟುತ್ತದೆ. ಇನರ್ಷಿಯಾ ಕೋವಿ ಹಗುರ, ಒಳಗೆ ಚೊಕ್ಕಟ. ಗುದ್ದು ಮಾತ್ರ ಜೋರು. ಅದನ್ನು ಹೆಗಲಿಗೆ ಗಟ್ಟಿಯಾಗಿ ಒತ್ತಿ ಹಿಡಿಯದಿದ್ದರೆ ಅರ್ಧಕ್ಕೇ ನಿಲ್ಲುವುದೂ ಉಂಟು. ಒಂದು ಮಧ್ಯಾಹ್ನಕ್ಕೆ ನೂರು ಈಡು ಹೊಡೆಯುವ ಬಿಲ್ಲೆ ಆಟಕ್ಕೆ, ಅದರಲ್ಲೂ ಹೊಸಬರಿಗೆ, ನನ್ನ ಓಟು ಗ್ಯಾಸ್ ಕೋವಿಗೇ.

ಬೋರು 12 ಅಥವಾ 20. ಸಂಖ್ಯೆ ಕಿರಿದಾದಷ್ಟೂ ನಳಿಗೆಯ ಒಳ ಅಗಲ ಹೆಚ್ಚು: 12ರದು ಸುಮಾರು 18.5 ಮಿ.ಮೀ., 20ರದು ಸುಮಾರು 15.6. ಮನೆಯಲ್ಲಿ ಎರಡೂ ಇದ್ದರೆ ಜೋಕೆ. 20ರ ತೋಟೆ ತಪ್ಪಿ 12ರ ನಳಿಗೆಗೆ ಬಿದ್ದರೆ ಮುಂದಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ 12ರ ತೋಟೆಯೂ ಆರಾಮವಾಗಿ ಕೂರುತ್ತದೆ. ಆಮೇಲೆ ಟ್ರಿಗರ್ ಎಳೆದರೆ ನಳಿಗೆಯೇ ಸಿಡಿಯುತ್ತದೆ. 20ರ ತೋಟೆಗಳನ್ನು ಹಳದಿ ಬಣ್ಣದಲ್ಲಿ ಮಾಡುವುದು ಇದಕ್ಕಾಗಿಯೇ.

ಮೈಗೆ ಹೊಂದುತ್ತದೆಯೇ?

ಶಾಟ್‌ಗನ್ನಿನಲ್ಲಿ ಹಿಂದಿನ ಗುರಿಕಣ್ಣು ಇರುವುದಿಲ್ಲ. ಆ ಕೆಲಸ ನಿಮ್ಮ ಕಣ್ಣಿನದೇ. ಆದ್ದರಿಂದ ಸ್ಟಾಕಿನ ಅಳತೆ ತಪ್ಪಿದರೆ ಗುರಿಯೂ ತಪ್ಪುತ್ತದೆ. ಅಂಗಡಿಯಲ್ಲಿ ಕೋವಿ ಖಾಲಿ ಇರುವುದನ್ನು ಮಾರಾಟಗಾರ ನೋಡಿದ ಮೇಲೂ ನೀವೇ ಬೋಲ್ಟ್ ಎಳೆದು ಇನ್ನೊಮ್ಮೆ ನೋಡಿ. ಅವರ ಒಪ್ಪಿಗೆ ಪಡೆದು, ಜನರಿಲ್ಲದ ಗೋಡೆಯ ಮೂಲೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ. ಕೆನ್ನೆ ಸ್ಟಾಕಿಗೆ ತಾಗಿದ ಮೇಲೆ ಕಣ್ಣು ಬಿಡಿ. ನಳಿಗೆಯ ಮೇಲಿನ ಪಟ್ಟಿ ನೆಟ್ಟಗೆ, ತುದಿಯ ಮಣಿ ನಡುವಿಗೆ ಕಂಡರೆ ಹೊಂದಿಕೆ ಸರಿ. ಮಣಿ ಕಾಣದೆ ಬೋಲ್ಟಿರುವ ಪೆಟ್ಟಿಗೆಯ ಬೆನ್ನೇ ಕಂಡರೆ ನಿಮ್ಮ ಕಣ್ಣು ತಗ್ಗಿನಲ್ಲಿದೆ. ಹಲವು ಕೋವಿಗಳ ಡಬ್ಬಿಯಲ್ಲೇ ಬರುವ ಶಿಮ್ ಎಂಬ ತೆಳು ಬಿಲ್ಲೆಗಳನ್ನು ಸ್ಟಾಕಿನ ಬುಡಕ್ಕೆ ಹಾಕಿ ಇದನ್ನು ತಿದ್ದಬಹುದು. ಎಡಗೈಯವರು ಖಾಲಿ ತೋಟೆ ಎಡಕ್ಕೆ ಹಾರುವ ಮಾದರಿ ಕೇಳಿ. ಇಲ್ಲದಿದ್ದರೆ ಅದು ಮುಖದ ಮುಂದೆಯೇ ಹಾರುತ್ತದೆ. ನಳಿಗೆ 28 ಇಂಚು ಇದ್ದರೆ ಎಲ್ಲ ಆಟಕ್ಕೂ ಸಾಕು.

ಬೆಲೆ? ಹೆಸರುವಾಸಿ ಹೊಸ ಕೋವಿ ಸುಮಾರು ಸಾವಿರ ಡಾಲರಿನಿಂದ ಶುರು. ಅದರೊಳಗೆ ತಯಾರಕರು ಕಟ್ಟುವ ಶೇ 11ರ ಕೇಂದ್ರ ತೆರಿಗೆಯೂ ಅಡಗಿದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಆ ಹಣ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ.

ಕೌಂಟರಿನಲ್ಲಿ

ಸದ್ಯದ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ಕೊಟ್ಟು 4473 ಎಂಬ ಫಾರಂ ತುಂಬಬೇಕು. ಗ್ರೀನ್ ಕಾರ್ಡಿನವರು ತಮ್ಮ ಏಲಿಯನ್ ನಂಬರನ್ನೂ ಬರೆಯಬೇಕು. ಅಂಗಡಿಯವರು ನಿಮ್ಮ ವಿವರವನ್ನು ಹಿನ್ನೆಲೆ ತಪಾಸಣೆಗೆ ಎಫ್‌ಬಿಐನ ವ್ಯವಸ್ಥೆಗೆ ಕಳಿಸುತ್ತಾರೆ. ‘ಮುಂದುವರಿಯಿರಿ’, ‘ತಡ’, ‘ಇಲ್ಲ’ ಎಂಬ ಮೂರು ಉತ್ತರಗಳಲ್ಲಿ ಒಂದು ಬರುತ್ತದೆ. ನಮ್ಮ ಹೆಸರು, ಇನಿಷಿಯಲ್‌ಗಳ ಗೊಂದಲದಲ್ಲಿ ‘ತಡ’ ಬಂದರೆ ಗಾಬರಿ ಬೇಡ. ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಥರ ಇರಲಿ. ಫಾರಂನಲ್ಲಿ ಸುಳ್ಳು ಬರೆಯುವುದು ದೊಡ್ಡ ಅಪರಾಧ. ಕೊಳ್ಳಲು ಅರ್ಹತೆಯಿಲ್ಲದ ಗೆಳೆಯನಿಗಾಗಿ ನಿಮ್ಮ ಹೆಸರಲ್ಲಿ ಕೊಳ್ಳುವುದಂತೂ ನೇರ ಜೈಲಿನ ದಾರಿ.

ರೇಂಜಿನ ಮೊದಲ ದಿನ

ಹೊಸ ಕೋವಿಗೆ ಕಾರ್ಖಾನೆಯವರು ತುಕ್ಕು ಹಿಡಿಯದಂತೆ ದಪ್ಪ ಎಣ್ಣೆ ಬಳಿದಿರುತ್ತಾರೆ. ಅದನ್ನು ಒರೆಸಿ, ನಳಿಗೆಗೆ ಬಟ್ಟೆ ಹಾಯಿಸಿ, ಜಾರುವ ಭಾಗಗಳಿಗೆ ತೆಳುವಾಗಿ ಹೊಸ ಎಣ್ಣೆ ಹಚ್ಚಿ. ಮೊದಲ ದಿನವೇ ಕೋವಿ ಮುಷ್ಕರ ಹೂಡಿತು ಎನ್ನುವವರಲ್ಲಿ ಎಷ್ಟೋ ಮಂದಿ ಈ ಕೆಲಸ ಮಾಡಿರುವುದಿಲ್ಲ. ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಎಷ್ಟು ಹರಡಬೇಕೆಂದು ನಿರ್ಧರಿಸುವ, ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಚೋಕ್ ಎಂಬ ಕೊಳವೆ ಅಲುಗಾಡದೆ ಕೂತಿದೆಯೇ ನೋಡಿ: ಸ್ಕೀಟಿಗೆ ಅಗಲ ಬಾಯಿಯ ಚೋಕ್, ಟ್ರ್ಯಾಪಿಗೆ ಅದಕ್ಕಿಂತ ಕಿರಿದಾದ ಮಾಡಿಫೈಡ್.

ತೋಟೆ ಎರಡು ಬಗೆಯದು ಒಯ್ಯಿರಿ. 25ರ ಒಂದೆರಡು ಡಬ್ಬಿ ಭಾರದ್ದು, ಅಂದರೆ ಒಂದೂಕಾಲು ಔನ್ಸ್ ಚರೆಯದು. ಉಳಿದದ್ದು ನೀವು ಮುಂದೆ ದಿನನಿತ್ಯ ಬಳಸಲಿರುವ ಅಗ್ಗದ ಒಂದು ಔನ್ಸಿನದು, ಏಳೂವರೆ ಅಥವಾ 8 ನಂಬರಿನ ಚರೆ. ಹೊಸ ಸ್ಪ್ರಿಂಗ್ ಬಿಗಿಯಾಗಿರುವುದರಿಂದ ಹಗುರ ತೋಟೆಯ ಬಲ ಮೊದಲಿಗೆ ಸಾಲದಿರಬಹುದು. ಭಾರದ್ದರಿಂದ ಶುರು ಮಾಡಿ, ಕೋವಿ ಪಳಗಿದ ಮೇಲೆ ಹಗುರದ್ದಕ್ಕೆ ಇಳಿಯಿರಿ. ನಿಮ್ಮ ಕೋವಿಗೆ ಎಷ್ಟು ಭಾರದ ತೋಟೆ ಸರಿಯೆಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಓದಿ.

ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಇಲ್ಲದೆ ಈಡು ಹೊಡೆಯುವವರ ಸಾಲಿನ ಹತ್ತಿರವೂ ಹೋಗಬೇಡಿ. ಬೋಲ್ಟ್ ತೆರೆದೇ ಕೋವಿ ಒಯ್ಯಬೇಕು, ನಿಮ್ಮ ಸರದಿ ಬರುವ ತನಕ ತುಂಬಬಾರದು. ಒಂದೇ ತೋಟೆ ಹಾಕಿ ಹೊಡೆಯಿರಿ. ಖಾಲಿ ತೋಟೆ ಹಾರಿ, ಬೋಲ್ಟ್ ಹಿಂದೆಯೇ ನಿಂತಿತೇ? ನಿಂತರೆ ಎರಡು ಹಾಕಿ ನೋಡಿ. ಬೋಲ್ಟ್ ಮುಚ್ಚುವ ಗುಂಡಿ ಒತ್ತುವಾಗ ಬೆರಳು ಖಾಲಿ ತೋಟೆ ಹಾರುವ ಕಿಂಡಿಯಿಂದ ದೂರವಿರಲಿ, ಆ ಬೋಲ್ಟ್ ಕನಿಕರ ತೋರಿಸುವುದಿಲ್ಲ. ಟ್ರಿಗರ್ ಎಳೆದರೂ ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆರೆಯಿರಿ. ಸದ್ದು ‘ಢಂ’ ಎನ್ನದೆ ‘ಟುಸ್’ ಎಂದರೆ ಅಲ್ಲಿಗೇ ನಿಲ್ಲಿಸಿ. ಕೋವಿ ಖಾಲಿ ಮಾಡಿ ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ನೋಡದೆ ಇನ್ನೊಂದು ಹೊಡೆಯಬಾರದು.

ಬಿಲ್ಲೆಗೆ ಹೋಗುವ ಮೊದಲು ದೊಡ್ಡ ಕಾಗದದ ನಡುವಿಗೆ ಒಂದು ಚುಕ್ಕೆ ಇಟ್ಟು ಮೂರು ನಾಲ್ಕು ಈಡು ಹೊಡೆಯಿರಿ. ಚರೆಯ ರಾಶಿ ಚುಕ್ಕೆಯ ಸುತ್ತ ಬಿದ್ದಿದೆಯೋ, ಪಕ್ಕಕ್ಕೆ ಸರಿದಿದೆಯೋ ಗೊತ್ತಾಗುತ್ತದೆ. ಪಕ್ಕಕ್ಕೆ ಸರಿದಿದ್ದರೆ ಶಿಮ್ ಬದಲಿಸಿ. ಕೊಂಚ ಮೇಲೆ ಬಿದ್ದಿದ್ದರೆ ಟ್ರ್ಯಾಪಿಗೆ ಅದು ಒಳ್ಳೆಯದೇ, ಅಲ್ಲಿ ಬಿಲ್ಲೆ ಏರುತ್ತಲೇ ಇರುತ್ತದೆ.

ಟ್ರ್ಯಾಪಿನಲ್ಲಿ ಐದು ಜಾಗ, ಜಾಗಕ್ಕೆ ಐದರಂತೆ 25 ಬಿಲ್ಲೆ, ಒಂದು ಸಲಕ್ಕೆ ಒಂದೇ ತೋಟೆ. ನಿಮ್ಮ ಖಾಲಿ ತೋಟೆ ಬಲಕ್ಕೆ ನಿಂತವರ ಮೈಮೇಲೆ ಹಾರುವುದರಿಂದ ಅದನ್ನು ತಡೆಯುವ ಕ್ಲಿಪ್ ಹಾಕಿಕೊಳ್ಳುವುದು ಅಲ್ಲಿನ ಮರ್ಯಾದೆ. 108 ಮಿ.ಮೀ. ಅಗಲದ ಆ ಬಿಲ್ಲೆಗೆ ಕ್ಲೇ ಎಂದು ಹೆಸರಿದ್ದರೂ ಮಾಡುವುದು ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿಯಿಂದ. ಮೊದಲ ಸುತ್ತಿನಲ್ಲಿ ಹತ್ತು ಒಡೆದರೂ ಸಂತೋಷಪಡಿ.

ಮುಗಿದ ಮೇಲೆ ತಿನ್ನುವ ಮೊದಲು ಕೈ ತೊಳೆಯಿರಿ, ಚರೆ ಸೀಸದ್ದು. ಗ್ಯಾಸ್ ಕೋವಿಯಾದರೆ ಅವತ್ತೇ ಪಿಸ್ಟನ್ ಬಿಚ್ಚಿ ಮಸಿ ಒರೆಸಿ. ಆರಿದ ಮೇಲೆ ಅದು ಗಟ್ಟಿಯಾಗಿ ಕೂರುತ್ತದೆ. ಕೋವಿ ಕಬ್ಬಿಣದ ಕಪಾಟಿನೊಳಗೆ ಹೋಗಲಿ, ತೋಟೆಗೆ ಬೇರೆ ಪೆಟ್ಟಿಗೆ, ಬೇರೆ ಬೀಗ.